ಮನೆಯಲ್ಲಿದ್ದವಳನ್ನು ‘ಹೋಗಿದ್ದಾರೆ’ ಎಂದು ಬರೆದದ್ದು

ನಾನು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಹಾಜರಿ ಕರೆದವಳು. ಒಬ್ಬ ಹುಡುಗನ ಬದಲು ಇನ್ನೊಬ್ಬ ‘ಹಾಜರ್ರೀ’ ಎಂದು ಕೂಗಿದರೆ ತಲೆ ಎತ್ತದೆಯೇ ದನಿಯಿಂದ ಹಿಡಿಯುತ್ತಿದ್ದೆ. ಅಂಥ ನಾನು, ನಮ್ಮ ಅಡುಗೆಮನೆಯಲ್ಲಿ ಕುಳಿತು ಊಟ ಮಾಡುತ್ತಿದ್ದ ಒಬ್ಬ ಹೆಂಗಸನ್ನು ಹದಿಮೂರು ದಿನ ಸರ್ಕಾರದ ಕಡತದಲ್ಲಿ ‘ಹೋಗಿದ್ದಾರೆ’ ಎಂದೇ ಉಳಿಸಿದ್ದೆ. ಅದರಿಂದಾಗಿ ಸಾಯುತ್ತಿದ್ದ ಅಕ್ಕನ ಜೊತೆ ಆಕೆ ಒಂದು ಮಾತು ಆಡುವುದೂ ತಪ್ಪಿಹೋಯಿತು. ನಾನು ಕಳ್ಳಿಯಲ್ಲ, ಸುಳ್ಳಿಯಲ್ಲ, ಯಾರಿಗೂ ಕೇಡು ಬಯಸಿದವಳಲ್ಲ. ಆದರೂ ಇದು ನನ್ನ ಕೈಯಿಂದಲೇ ಆಯಿತು. ಇವತ್ತಿಗೂ ನಡುಹಗಲಲ್ಲಿ ಅಕ್ಕಿ ಆರಿಸುತ್ತಾ ಕುಳಿತಾಗ ಅದು ನೆನಪಾಗಿ, ಆರಿಸಿದ್ದನ್ನೇ ಮತ್ತೆ ಆರಿಸುತ್ತೇನೆ.

ಮೊಣಕಾಲು ನೋವಿನಿಂದ ನಾನು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡೆ. ಬಾದಾಮಿಯಿಂದ ಬನಶಂಕರಿಗೆ ಹೋಗುವ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ ನಮ್ಮ ಮನೆ. ಮೇಲೆ ಎರಡು ಕೋಣೆ ಖಾಲಿ ಬಿದ್ದಿದ್ದವು. ಗುಡಿ, ಗವಿ ನೋಡಲು ಬರುವ ಜನಕ್ಕೆ ಅವನ್ನು ಕೊಡೋಣ, ರೊಟ್ಟಿ ಊಟ ಹಾಕೋಣ, ನಾಲ್ಕು ಮಂದಿಯ ಜೊತೆ ಮಾತಾದರೂ ಆಗುತ್ತದೆ ಎಂದು ಹಟ ಹಿಡಿದವಳು ನಾನೇ. ಬಾಗಲಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದ ನನ್ನ ಯಜಮಾನರು, ‘ಅದಕ್ಕ ಕಾಯ್ದೆ ಅದಾವು, ನಿನಗ ತಡಕೊಳ್ಳೂದಾಗೂದಿಲ್ಲ’ ಎಂದು ಮೊದಲೇ ಎಚ್ಚರಿಸಿದ್ದರು. ನಾನು ಕೇಳಲಿಲ್ಲ.

ಕಾಯ್ದೆಗಳ ಪಟ್ಟಿ ಕೈಗೆ ಬಂದಾಗ ನಿಜಕ್ಕೂ ಹೌಹಾರಿದೆ. ಪುರಸಭೆಯ ಪರವಾನಗಿ ಬೇಕು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಪೊಲೀಸ್ ಠಾಣೆಯವರು ಬಂದು ಮನೆ ನೋಡಿ ಒಪ್ಪಬೇಕು. ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು. ಮುಂಬಾಗಿಲಿಗೆ ಕ್ಯಾಮೆರಾ ಹಾಕಿಸಬೇಕು. ಬಂದವರ ಗುರುತಿನ ಚೀಟಿಯ ನಕಲು ತೆಗೆದುಕೊಂಡು, ಹೆಸರು, ಊರು, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ ಎಂಬುದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ಪರದೇಶದವರಾದರೆ ಇನ್ನೂ ಒಂದು ಕೆಲಸ: ಬಂದ ಇಪ್ಪತ್ನಾಲ್ಕು ತಾಸಿನೊಳಗೆ ಕಂಪ್ಯೂಟರಿನಲ್ಲಿ ‘ಸಿ ಫಾರ್ಮ್’ ಅನ್ನುವುದನ್ನು ತುಂಬಿ ಕಳಿಸಬೇಕು, ಹೋದಾಗ ಹೋದರು ಎಂದು ಅದರಲ್ಲೇ ಕಾಣಿಸಬೇಕು. ನಾನು ಜನಗಣತಿ ಮಾಡಿದವಳು, ಚುನಾವಣೆ ಕೆಲಸ ಮಾಡಿದವಳು. ಆದರೂ ನಮ್ಮ ಮನೆಯಲ್ಲಿ ಎರಡು ದಿನ ಉಂಡು ಮಲಗುವವರಿಗೆ ಇಷ್ಟೊಂದು ಜಾತಕ ಯಾಕೆ ಅನ್ನಿಸಿತು.

ನನ್ನ ಅತ್ತೆಗಂತೂ ಸಿಟ್ಟು ನೆತ್ತಿಗೇರಿತ್ತು. ಎಂಬತ್ತು ದಾಟಿದ ಹೆಂಗಸು, ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟುವವಳಲ್ಲ. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಆಮೇಲೆ ಊಟ. ಉಂಡು ಕೈ ತೊಳೆಯುವ ತನಕ ‘ಯಾರು, ಯಾವೂರು’ ಎಂದು ಕೇಳಬಾರದು. ಇದು ಅವಳ ತವರಿನಿಂದ ಬಂದ ರೂಢಿ. ನಿಯಮದ ಪ್ರಕಾರ ನಾನು ಬಾಗಿಲಲ್ಲೇ ಬಂದವರ ಗುರುತಿನ ಚೀಟಿ ಕೇಳುತ್ತಿದ್ದರೆ ಅವಳು ಒಳಗಿನಿಂದಲೇ ನಾಚಿ ಸಾಯುತ್ತಿದ್ದಳು.

‘ಏನ ಹುಡುಗಿ, ಬಂದವರನ ಹೊಸ್ತಿಲದಾಗ ನಿಂದ್ರಿಸಿ ತಪಾಸ ಮಾಡ್ತಿ? ಇದೇನ ಮನಿನೋ, ಚಾವಡಿನೋ?’

ಕ್ಯಾಮೆರಾ ಕೂರಿಸಿದ ದಿನ ಕೇಳಿದಳು: ‘ಕದಕ್ಕ ಕಣ್ಣ ಹಚ್ಚೀರಿ. ನಾ ಹೊಸ್ತಿಲಾ ಸಾರಸೂದನ್ನ ಪೊಲೀಸರು ಕುಂತು ನೋಡ್ತಾರೇನ?’

ನಾನು ನಕ್ಕೆ, ಆದರೆ ಮನಸ್ಸಿನಲ್ಲಿ ಅವಳ ಪಕ್ಷವೇ. ಬರೆಯುವುದನ್ನೆಲ್ಲ ಅಚ್ಚುಕಟ್ಟಾಗಿ ಬರೆಯುತ್ತಿದ್ದೆ. ಅದು ಶಾಲೆಯಿಂದ ಬಂದ ಚಾಳಿ. ಆದರೆ ಅದು ಯಾಕೆ ಬೇಕು ಎಂದು ಒಂದು ದಿನವೂ ಯೋಚಿಸಲಿಲ್ಲ.

ಆ ಹೆಂಗಸು ಬಂದದ್ದು ಒಂದು ಸೋಮವಾರ. ಯುರೋಪಿನ ಒಂದು ಚಿಕ್ಕ ದೇಶದವಳು, ಅರವತ್ತೈದರ ಆಸುಪಾಸು, ನನ್ನ ಹಾಗೆಯೇ ನಿವೃತ್ತ ಶಿಕ್ಷಕಿ. ಮದುವೆಯಾಗಿರಲಿಲ್ಲ. ವಿಧವೆಯಾದ ಅಕ್ಕನೂ ಆಕೆಯೂ ಒಂದೇ ಮನೆಯಲ್ಲಿ ಇದ್ದರಂತೆ. ವರ್ಷಕ್ಕೊಮ್ಮೆ ಹೀಗೆ ಒಬ್ಬಳೇ ತಿರುಗಾಟಕ್ಕೆ ಹೊರಡುವುದು ಆಕೆಯ ಹವ್ಯಾಸ. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ತನಗಿಂತ ಹೆಚ್ಚು ನಡೆಯುತ್ತಾಳೆ ಎಂದು ಮೊದಲ ದಿನವೇ ನಗುತ್ತ ಹೇಳಿದ್ದಳು. ಬಾದಾಮಿ ಮುಟ್ಟಿದೆ ಎಂದು ಆ ಸಂಜೆಯೇ ಅಕ್ಕನಿಗೆ ಫೋನಿನಲ್ಲಿ ಬರೆದೂ ಕಳಿಸಿದಳು. ನಾನು ರಿಜಿಸ್ಟರ್ ಬರೆದೆ, ಸಿ ಫಾರ್ಮ್ ತುಂಬಿದೆ. ಎಲ್ಲ ಕ್ರಮಬದ್ಧ.

ಬುಧವಾರ ಮಂಗ್ಯಾಗಳ ಕಾಟ. ಗವಿಗಳ ಮೆಟ್ಟಿಲ ಮೇಲೆ ಒಂದು ಮಂಗ್ಯಾ ಆಕೆಯ ಕೈಚೀಲ ಕಿತ್ತುಕೊಂಡು ಬಂಡೆ ಹತ್ತಿತು. ಬಾಳೆಹಣ್ಣು ತಾನಿಟ್ಟುಕೊಂಡು ಫೋನನ್ನು ಕೆಳಗೆ ಒಗೆಯಿತು. ಕೈಗೆ ಸಿಕ್ಕಾಗ ಅದು ಚೂರುಚೂರಾಗಿತ್ತು. ನನ್ನ ಫೋನಿನಿಂದ ಮೇಲ್ ತೆರೆಯಲು ನೋಡಿದಳು. ಅದನ್ನು ತೆರೆಯಲು ಬೇಕಾದ ಗುಪ್ತ ಸಂಖ್ಯೆ, ಒಟಿಪಿ, ಆ ಸತ್ತ ಫೋನಿಗೇ ಹೋಗುತ್ತಿತ್ತು. ಅಕ್ಕನ ನಂಬರು ಬಾಯಿಪಾಠವಿರಲಿಲ್ಲ. ಈಗ ಯಾರಿಗೆ ತಾನೇ ಇರುತ್ತದೆ? ಆಕೆ ಗಾಬರಿಯಾಗಲಿಲ್ಲ. ಅಂಚೆ ಕಚೇರಿಗೆ ಹೋಗಿ, ಫೋನು ಹೋಯಿತು, ನಾನು ಚೆನ್ನಾಗಿದ್ದೇನೆ, ನಾಳೆ ಹಂಪಿಯ ಕಡೆ ಹೊರಡುತ್ತೇನೆ ಎಂದು ಒಂದು ಕಾರ್ಡು ಬರೆದು ಹಾಕಿ ಬಂದಳು. ಅಕ್ಕ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ ಅಂದಳು.

ಗುರುವಾರ ಬೆಳಿಗ್ಗೆ ಆಕೆ ಚೀಲ ಹೆಗಲಿಗೇರಿಸಿದಾಗ ಅತ್ತೆ ತಡೆದು ಮಣೆ ಹಾಕಿ ಕೂಡಿಸಿದಳು. ‘ಹೆಣ್ಮಗಳನ್ನ ಬರಿಗೈಲೆ ಕಳಸೂದಿಲ್ಲ ನಾವು’ ಎಂದು ಆಕೆಯ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಗುಳೇದಗುಡ್ಡದ ಖಣ. ಮೇಲೆ ತನ್ನ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ. ಇದ್ಯಾವುದೂ ನಮ್ಮ ಬಾಡಿಗೆಯ ಕರಾರಿನಲ್ಲಿರಲಿಲ್ಲ. ಆಕೆಯ ಕಣ್ಣು ತುಂಬಿ ಬಂತು. ಆಕೆ ಆಟೋ ಹತ್ತಿದ ಮೇಲೆ ನಾನು ಒಳಗೆ ಬಂದು, ನಿಯಮದಂತೆ, ರಿಜಿಸ್ಟರಿನಲ್ಲೂ ಕಂಪ್ಯೂಟರಿನಲ್ಲೂ ‘ಹೋಗಿದ್ದಾರೆ’ ಎಂದು ಬರೆದೆ. ಬರೆದಾಗ ಅದು ಸುಳ್ಳಾಗಿರಲಿಲ್ಲ.

ಒಂದು ತಾಸೂ ಆಗಿರಲಿಲ್ಲ, ಅದೇ ಆಟೋ ತಿರುಗಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಆಕೆ ತಲೆ ತಿರುಗಿ ಕುಸಿದಿದ್ದಳು. ಮುಟ್ಟಿದರೆ ಮೈ ಕೆಂಡ. ಓಣಿಯ ಡಾಕ್ಟರು ಮನೆಗೇ ಬಂದು ನೋಡಿದರು. ವಿಷಮಶೀತವಲ್ಲ, ಆದರೆ ಜ್ವರ ಜೋರಾಗಿದೆ, ಎರಡು ವಾರ ಎಲ್ಲಿಗೂ ಕಳಿಸಬೇಡಿ ಅಂದರು. ಅತ್ತೆ ಆಕೆಯನ್ನು ಮೇಲಿನ ಕೋಣೆಗೆ ಹತ್ತಿಸಲಿಲ್ಲ. ಕೆಳಗೆ ತನ್ನ ಕೋಣೆಯಲ್ಲೇ ಹಾಸಿಗೆ ಹಾಸಿದಳು. ನುಚ್ಚಿನ ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಳು. ಜ್ವರದಲ್ಲೇ ಆಕೆ ಬಾಡಿಗೆಯ ಮಾತೆತ್ತಿದಾಗ ಅತ್ತೆ ಕೈಯಾಡಿಸಿ ಸುಮ್ಮನಿರಿಸಿದಳು.

ಸಂಜೆ ನನ್ನ ಯಜಮಾನರು ಅಂದರು: ‘ಅಕೀ ಹೆಸರ ಮತ್ತ ಬರೀಬೇಕಾಗ್ತೈತಿ. ಹೊಸಾ ಸಿ ಫಾರ್ಮ್ ತುಂಬಿಬಿಡು.’

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಬಂದಳು. ‘ಉಡಿ ತುಂಬಿ ಕಳಿಸಿದ ಮಗಳು ಜಡ್ಡಾಗಿ ತವರಿಗೆ ತಿರುಗಿ ಬಂದ್ರ ಅಕೀ ಹೆಸರ ಬುಕ್ಕಿನ್ಯಾಗ ಬರಸ್ತಾರೇನಪಾ? ನಿಮ್ಮ ಅಕ್ಕ ಬಂದಾಗ ಬರದಿದ್ದೇನ ನೀ?’

‘ಯವ್ವಾ, ಇದು ಕಾಯ್ದೆ...’

‘ಕಾಯ್ದೆ ರೊಕ್ಕ ಕೊಡೂ ಮಂದಿಗೆ. ಇಕೀ ಕಡೆ ನಾವು ರೊಕ್ಕ ಮುಟ್ಟಂಗಿಲ್ಲ. ಮುಗೀತು.’

ಅವರು ನನ್ನ ಕಡೆ ನೋಡಿದರು. ನಾನೂ ಅತ್ತೆಯ ಜೊತೆ ಸೇರಿದೆ. ‘ಅತ್ತಿ ಹೇಳೂದು ಖರೆ ಐತ್ರಿ. ಮನಿ ಮಂದೀನ ಯಾರು ಬರೀತಾರ?’ ಅಂದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಸೋಮಾರಿತನ. ಹೊಸ ಫಾರ್ಮ್ ಅಂದರೆ ಮತ್ತೆ ಪಾಸ್‌ಪೋರ್ಟು, ಮತ್ತೆ ಫೋಟೋ, ಮತ್ತೆ ನಿಂತು ನಿಂತು ಓಡುವ ಇಂಟರ್ನೆಟ್ಟು. ಕಾಯ್ದೆಗೆ ಒಂದು ಸಲ ಚಳ್ಳೆಹಣ್ಣು ತಿನ್ನಿಸಿದ ಖುಷಿಯೂ ಇತ್ತು. ಎರಡು ದಿನ ಬಿಟ್ಟು ಅವರು ಮತ್ತೊಮ್ಮೆ ನೆನಪಿಸಿದಾಗ, ‘ನೀವಿನ್ನೂ ಆಫೀಸಿನ ಕುರ್ಚಿ ಬಿಟ್ಟಿಲ್ಲ ನೋಡ್ರಿ’ ಎಂದು ಹಂಗಿಸಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಪರದೇಶದವರನ್ನು ಪುಕ್ಕಟೆ ಮನೆಯಲ್ಲಿಟ್ಟುಕೊಂಡರೂ, ನೆಂಟರೆಂದೇ ಇಟ್ಟುಕೊಂಡರೂ, ಆ ಫಾರ್ಮ್ ತುಂಬಲೇಬೇಕು. ಅದು ನನಗೆ ಗೊತ್ತಾದದ್ದು ಆಮೇಲೆ. ದುಡ್ಡು ಮುಟ್ಟದಿದ್ದರೆ ಕಾಯ್ದೆಯೂ ಮುಟ್ಟುವುದಿಲ್ಲ ಎಂದು ನಮ್ಮಷ್ಟಕ್ಕೆ ನಾವೇ ತೀರ್ಪು ಕೊಟ್ಟುಕೊಂಡಿದ್ದೆವು.

ಜ್ವರ ಸೋಮವಾರದ ಹೊತ್ತಿಗೆ ಇಳಿಯಿತು. ಮುಂದಿನ ದಿನಗಳು ನಮ್ಮ ಮನೆಯಲ್ಲಿ ಹಬ್ಬದ ಹಾಗಿದ್ದವು ಅಂದರೆ ಈಗ ನಾಲಗೆ ತಡವರಿಸುತ್ತದೆ. ಆಕೆಗೆ ಕನ್ನಡ ಬರುವುದಿಲ್ಲ, ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಅತ್ತೆ ‘ಬಾ, ಕೂಡು, ಉಣ್ಣು’ ಕಲಿಸಿದಳು. ಆಕೆ ಅತ್ತೆಯ ಹರಿದ ಕೌದಿಗೆ ಹೊಲಿಗೆ ಹಾಕಿ ಕೊಟ್ಟಳು. ಗುರುವಾರದ ಹೊತ್ತಿಗೆ ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದಳು. ಡಾಕ್ಟರ ಎರಡು ವಾರ ಮುಗಿಯಲಿ, ಆಮೇಲೆ ಹೊರಡುತ್ತೇನೆ ಎಂದಿದ್ದಳು. ಆಕೆಗೆ ಅವಸರವಿರಲಿಲ್ಲ. ನಮಗಂತೂ ಇರಲೇ ಇಲ್ಲ.

ಅದರ ಮುಂದಿನ ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆಯಿಂದ ಒಬ್ಬ ಪೊಲೀಸ್ ಬಂದ. ನನ್ನ ಹಳೆಯ ವಿದ್ಯಾರ್ಥಿ. ಈಗ ಮೀಸೆ, ಹೊಟ್ಟೆ ಎರಡೂ ಬಂದಿವೆ. ಕಟ್ಟೆಯ ಮೇಲೆ ಕುಳಿತು ಟೋಪಿ ತೆಗೆದ.

‘ಅಕ್ಕೋರ, ಒಂದು ಸಣ್ಣ ಮಾತ ಕೇಳೂದಿತ್ರಿ. ಹೋದ ತಿಂಗಳ ಕಡೀಕ ನಿಮ್ಮಲ್ಲಿ ಒಬ್ಬಾಕಿ ಫಾರಿನ್ ಹೆಣ್ಮಗಳು ಇದ್ಲಲ್ರಿ. ಇಲ್ಲಿಂದ ಯಾ ಬಸ್ಸಿಗಿ ಹೋದ್ಲು, ನೆನಪೈತೇನ್ರಿ? ಅಕೀ ಪತ್ತೆನ ಇಲ್ರಿ. ಎಂಬೆಸಿಯಿಂದ ದಿನಾ ಫೋನ್ ಬರಾಕ ಹತ್ಯಾವು. ಹಂಪಿ ಕಡೆ ಎಲ್ಲಾ ಲಾಡ್ಜ್ ಹುಡುಕ್ಯಾರ, ಎಲ್ಲೂ ಎಂಟ್ರಿ ಇಲ್ಲ.’

ನಾನು ಎದ್ದು ಒಳಬಾಗಿಲ ಕಡೆ ತಿರುಗಿದೆ. ಅಷ್ಟರಲ್ಲಿ ಆಕೆಯೇ ಹೊರಗೆ ಬಂದಳು. ಇಳಕಲ್ ಸೀರೆ ಉಟ್ಟು, ತಟ್ಟೆಯಲ್ಲಿ ನೀರು ಬೆಲ್ಲ ಹಿಡಿದುಕೊಂಡು, ಅತ್ತೆ ಕಲಿಸಿದ ಹಾಗೆ ಬಗ್ಗಿ ಅವನ ಮುಂದಿಟ್ಟು ‘ಉಣ್ಣು’ ಅಂದಳು.

ಅವನು ಲೋಟ ಹಿಡಿದವನು ಹಾಗೇ ಉಳಿದ. ‘ಇವರ್ಯಾರ್ರಿ ಅಕ್ಕೋರ?’

ಒಳಗಿನಿಂದ ಅತ್ತೆ ಉತ್ತರಿಸಿದಳು: ‘ನಮ್ಮ ಮನಿ ಮಗಳಪ. ನೀರ ಕುಡಿ ಮೊದಲ.’

ಅವನು ಚೀಲದಿಂದ ಒಂದು ಫೋಟೋ ತೆಗೆದ. ಪಾಸ್‌ಪೋರ್ಟಿನದು. ನಾನೇ ಹದಿನಾರು ದಿನದ ಹಿಂದೆ ಕಂಪ್ಯೂಟರಿಗೆ ಏರಿಸಿದ್ದು. ಫೋಟೋ ನೋಡಿದ, ಆಕೆಯನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಗರ ಬಡಿದವನಂತೆ ಕುಳಿತಿದ್ದ.

‘ಅಕ್ಕೋರ, ಹೋದ ಗುರುವಾರನ ಮೊದಲನೇ ಫೋನ್ ಬಂದಿತ್ರಿ. ನಾನ ತಗದು ನೋಡಿದೆ. ಹೋಗ್ಯಾರ ಅಂತ ನೀವು ಬರದಿದ್ರಿ. ನಿಮಗ ಒಂದು ಫೋನ್ ಹಚ್ಚೂಣು ಅಂದ್ರು ಸಾಹೇಬ್ರು. ಬ್ಯಾಡ್ರಿ ಸರ, ಅಕ್ಕೋರು ಬರದಾರಂದ್ರ ಅದು ತಪ್ಪಂಗಿಲ್ಲ ಅಂತ ನಾನ ಹೇಳಿದೆ.’

ಇಷ್ಟು ವರ್ಷ ಮಾಸ್ತರಿಕೆ ಮಾಡಿ ಗಳಿಸಿದ ಹೆಸರು ಆ ಒಂದು ಮಾತಿನಲ್ಲಿ ನನ್ನ ಕೆನ್ನೆಗೆ ಬಿತ್ತು. ಅವನು ನನ್ನನ್ನು ನಂಬಿದ್ದ. ಅದೇ ತಪ್ಪಾಯಿತು.

ಠಾಣೆಯಿಂದ ನಂಬರು ತರಿಸಿ, ಅವನ ಫೋನಿನಿಂದಲೇ ಆಕೆಯ ಅಕ್ಕನ ಮಗಳಿಗೆ ಹಚ್ಚಿದೆವು. ಆ ಕಡೆಯಿಂದ ಒಂದು ಚೀರು ಕೇಳಿಸಿತು. ಇವಳು ನಕ್ಕು, ಮಂಗ್ಯಾ, ಫೋನು, ಜ್ವರ ಎಂದೆಲ್ಲ ಹೇಳತೊಡಗಿದಳು. ಹೇಳುತ್ತಿದ್ದವಳು ನಿಂತುಬಿಟ್ಟಳು. ಅವರ ಭಾಷೆ ನನಗೆ ಒಂದಕ್ಷರವೂ ಬರುವುದಿಲ್ಲ. ಆದರೆ ಮುಖದಿಂದ ರಕ್ತ ಇಳಿದುಹೋಗುವುದನ್ನು ನೋಡಲು ಭಾಷೆ ಬೇಕಾಗಿಲ್ಲ. ಆಕೆ ಕಟ್ಟೆಯ ಮೇಲೆ ಕುಳಿತಳು. ಫೋನು ಕಿವಿಯಲ್ಲೇ ಇತ್ತು. ಅತ್ತೆ ಬಂದು ಏನೂ ಕೇಳದೆ ಪಕ್ಕದಲ್ಲಿ ಕುಳಿತು ಆಕೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಅಕ್ಕನಿಗೆ ಹಿಂದಿನ ವಾರ ಮಂಗಳವಾರ ಇದ್ದಕ್ಕಿದ್ದಂತೆ ಹೃದಯದ ತೊಂದರೆಯಾಗಿತ್ತು. ಆಸ್ಪತ್ರೆ ಬೇಡ ಎಂದು ಹಟ ಮಾಡಿ ಮನೆಗೇ ಬಂದಿದ್ದಳಂತೆ. ಮೊನ್ನೆ ಸೋಮವಾರ ತೀರಿಕೊಂಡಿದ್ದಳು.

ನಾನು ಒಳಗೆ ಹೋಗಿ ಗೋಡೆ ಹಿಡಿದು ನಿಂತೆ. ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡತೊಡಗಿತು. ಮೊದಲ ಫೋನು ಬಂದ ಗುರುವಾರ ಪೊಲೀಸರು ಆ ಪುಟ ತೆರೆದಾಗ ಅದರಲ್ಲಿ ‘ಇದ್ದಾರೆ’ ಎಂದಿದ್ದರೆ ಐದು ನಿಮಿಷಕ್ಕೆ ನಮಗೆ ಫೋನ್ ಬರುತ್ತಿತ್ತು. ಅಕ್ಕ ಆಗ ಬದುಕಿದ್ದಳು, ಮಾತಾಡುತ್ತಿದ್ದಳು. ಹುಬ್ಬಳ್ಳಿಗೆ ಹೋಗಿ ವಿಮಾನ ಹಿಡಿದಿದ್ದರೆ ಶನಿವಾರಕ್ಕೆ ಇವಳು ಊರು ಸೇರುತ್ತಿದ್ದಳು. ನಾನು ಜಾತಕವೆಂದು ಹಂಗಿಸಿದ ಆ ಫಾರ್ಮು, ಪರದೇಶದಲ್ಲಿದ್ದ ಒಂಟಿ ಹೆಂಗಸಿಗೂ ಅವಳ ಮನೆಗೂ ನಡುವೆ ಉಳಿದಿದ್ದ ಒಂದೇ ಒಂದು ಎಳೆ. ಅದನ್ನು ಕಡಿದವಳು ನಾನು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ನಮ್ಮಿಂದ ಬರಹದಲ್ಲಿ ಕಾರಣ ಕೇಳಿದರು. ಯಜಮಾನರು ಬರೆಯಲು ಕುಳಿತಾಗ ಪೆನ್ನು ಕಸಿದುಕೊಂಡು ನಾನೇ ಬರೆದೆ. ಒಂದು ಸುಳ್ಳನ್ನೂ ಸೇರಿಸಲಿಲ್ಲ. ನೋಂದಣಿ ಹೋಗುತ್ತದೆ, ದಂಡ ಬೀಳುತ್ತದೆ ಅಂದುಕೊಂಡಿದ್ದೆ. ಕಾಯಿಲೆಯವಳನ್ನು ನೋಡಿಕೊಂಡಿದ್ದಾರೆ, ದುರುದ್ದೇಶವಿಲ್ಲ ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಯಜಮಾನರು ಉಸಿರು ಬಿಟ್ಟರು. ಅವರು ನನಗೆ ‘ಹೇಳಿದ್ದೆ’ ಎಂದು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ನನಗೆ ಆ ಕ್ಷಮೆಯಿಂದ ಮೈ ಉರಿದುಹೋಯಿತು.

ಆಕೆ ಹೊರಡುವ ಹಿಂದಿನ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ನಾನು ಹೇಳಿಬಿಟ್ಟೆ. ನಿಮ್ಮವರು ಗುರುವಾರವೇ ಹುಡುಕಿದ್ದರು, ನಾನು ನಿಮ್ಮ ಹೆಸರನ್ನು ತಿದ್ದಿರಲಿಲ್ಲ, ಅದಕ್ಕೇ ನೀವು ಸಿಗಲಿಲ್ಲ ಎಂದು. ಹೇಳುವಾಗ ನನ್ನ ಇಂಗ್ಲಿಷ್ ಎಲ್ಲ ಮರೆತುಹೋಗಿ ಶಾಲೆಯ ಹುಡುಗಿಯ ಹಾಗೆ ತೊದಲಿದೆ. ಬೈಯಲಿ ಅಂದುಕೊಂಡೆ. ಆಕೆ ಬೈಯಲಿಲ್ಲ. ನಿನಗೆ ಗೊತ್ತಿರಬೇಕು ಅಂತ ಹೇಳುತ್ತೇನೆ ಎಂದು ಮೆಲ್ಲನೆ ಶುರುಮಾಡಿದಳು.

ಗುರುವಾರ ಇಲ್ಲಿಂದ ಸುದ್ದಿ ಹೋದಾಗ, ನಿನ್ನ ತಂಗಿ ಬಾದಾಮಿ ಬಿಟ್ಟು ಹೊರಟಿದ್ದಾಳಂತೆ ಎಂದು ಮಗಳು ಅಕ್ಕನಿಗೆ ಹೇಳಿದ್ದಳು. ಯಾವಾಗ, ಎಲ್ಲಿಗೆ ಎಂದು ಹೇಳಲು ಬಾಯಿ ಬರಲಿಲ್ಲವಂತೆ. ಅಕ್ಕ ಹಾಸಿಗೆಯಲ್ಲೇ ದಾರಿಯ ಲೆಕ್ಕ ಹಾಕಿದಳು. ಹೇಗೂ ಸುದ್ದಿ ಮುಟ್ಟಿ ಹೊರಟಿದ್ದಾಳೆ, ಭಾನುವಾರದ ಒಳಗೆ ಬರುತ್ತಾಳೆ ಎಂದಳು. ಶನಿವಾರ ತಂಗಿಯ ಹಾಸಿಗೆಗೆ ಒಗೆದ ಹೊದಿಕೆ ಹಾಕಿಸಿದಳು. ಭಾನುವಾರ ಬೆಳಿಗ್ಗೆ ತಲೆ ಬಾಚಿಸಿಕೊಂಡು, ಕುರ್ಚಿಯನ್ನು ಕಿಟಕಿಯ ಹತ್ತಿರ ಇಡಿಸಿಕೊಂಡು ಕುಳಿತಳು. ಸಂಜೆ ಕತ್ತಲಾದ ಮೇಲೂ ಅಲ್ಲಿಂದ ಏಳಲು ಒಪ್ಪಲಿಲ್ಲವಂತೆ.

ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅತ್ತೆ, ನಾನು ಸೇರಿ ಆಕೆಗೆ ರೊಟ್ಟಿ ಬಡಿಯುವುದನ್ನು ಕಲಿಸಿದ್ದೆವು. ಒಂದೂ ದುಂಡಗೆ ಬಂದಿರಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.